ಇಂಟರ್ನೆಟ್ ಹಾಳೆಯ ಮೇಲೆ ನಾನೊತ್ತಿದ ಸೀಲು

ನಮ್ಮ ಓಣಿಯಲ್ಲಿ ಯಾರಾದರೂ ಮನೆ ಕಟ್ಟಿಸಲು ಶುರು ಮಾಡಿದರೆ ನನಗೆ ಕಷ್ಟ. ಟ್ರ್ಯಾಕ್ಟರು ಬಂದು ಜಲ್ಲಿ ಸುರಿಯುವ ಸದ್ದಿಗೆ ಕೈಯಲ್ಲಿದ್ದದ್ದನ್ನು ಬಿಟ್ಟು ಅಡುಗೆಮನೆಯ ಕಟ್ಟೆಯ ಕೆಳಗೆ ಕೂತುಬಿಡುತ್ತೇನೆ. ಮಂಡಿ ಹಿಡಿದುಕೊಂಡಿದೆ, ಕೂತರೆ ಎಬ್ಬಿಸಲು ಇನ್ನೊಬ್ಬರು ಬೇಕು. ಆದರೂ ಕೂರುತ್ತೇನೆ. ಮನೆಯವರು ಮೊದಮೊದಲು ನಗುತ್ತಿದ್ದರು, ಈಗ ಸುಮ್ಮನೆ ಬಂದು ಕೈ ಹಿಡಿದು ಎಬ್ಬಿಸುತ್ತಾರೆ.

ಕಳೆದ ತಿಂಗಳು ನಮ್ಮ ಕಾಲೇಜಿನ ಹೊಸ ಉಪನ್ಯಾಸಕಿಯೊಬ್ಬಳು ಮನೆಗೆ ಬಂದಿದ್ದಳು. ಅವಳಿಗೆ ಉದ್ಯೋಗ ಮಾರ್ಗದರ್ಶನದ ಕೆಲಸ ವಹಿಸಿದ್ದಾರಂತೆ. "ಇದನ್ನ ಮೊದಲು ಶುರು ಮಾಡಿದವರು ನೀವಂತಲ್ರಿ ಮೇಡಂ. ಹೆಂಗ ಮಾಡಬೇಕು ಅಂತ ಒಂದೆರಡು ಹಾಳಿ ಬರದು ಕೊಡ್ರಿ" ಎಂದಳು. ಬರೆಯಲು ಕೂತೆ. ಹೇಗೆ ಮಾಡಬೇಕು ಎನ್ನುವುದಕ್ಕಿಂತ ಹೇಗೆ ಮಾಡಬಾರದು ಎನ್ನುವುದೇ ಕೈಗೆ ಬಂತು. ನನ್ನ ಬಡ್ತಿ, ವರ್ಗಾವಣೆ, ಬೀಳ್ಕೊಡುಗೆ ಸಮಾರಂಭ, ಇವ್ಯಾವುವೂ ಅವಳಿಗೆ ಉಪಯೋಗವಿಲ್ಲ. ಆ ಕಂಪ್ಯೂಟರು ಮತ್ತು ಆ ಗುಡ್ಡ, ಇವೆರಡನ್ನೇ ಬರೆಯುತ್ತೇನೆ.

ನಾನು ಹೊಸಪೇಟೆಯ ಪದವಿ ಕಾಲೇಜೊಂದರಲ್ಲಿ ವಾಣಿಜ್ಯ ವಿಷಯ ಕಲಿಸುತ್ತಿದ್ದೆ. ಗಣಿ ಜೋರಾಗಿದ್ದ ಕಾಲ. ಸಂಡೂರಿನ ಕಡೆಯಿಂದ ಅದಿರು ಹೊತ್ತ ಲಾರಿಗಳು ಒಂದರ ಹಿಂದೊಂದು ನಿಂತಿರುತ್ತಿದ್ದವು. ರಸ್ತೆ ದಾಟಬೇಕೆಂದರೆ ಎರಡು ಲಾರಿಗಳ ನಡುವೆ ಮೈ ತೂರಿಸಬೇಕು. ಅದಿರಿನ ಕೆಂಪು ಧೂಳಿಗೆ ಹೆದರಿ ಬಿಳಿ ಸೀರೆ ಉಡುವುದನ್ನು ನಾವೆಲ್ಲ ಬಿಟ್ಟಿದ್ದೆವು. ಅಂಥ ಒಂದು ದಿನ ಕಾಲೇಜಿಗೆ ಇಂಟರ್ನೆಟ್ ಬಂತು. ಪ್ರಾಚಾರ್ಯರು ನನ್ನನ್ನು ಕರೆದರು.

"ಮೇಡಂ, ನಿಮಗ ಟೈಪಿಂಗ್ ಬರ್ತದಲ್ಲ. ಇಂಟರ್ನೆಟ್ಟು ನೀವೇ ನೋಡ್ಕೋರಿ."

"ಸರ್, ಟೈಪಿಂಗ್ ಬೇರೆ, ಇಂಟರ್ನೆಟ್ ಬೇರೆ."

"ಎರಡಕ್ಕೂ ಒತ್ತೋದು ಅದೇ ಗುಂಡಿ ಅಲ್ಲೇನ್ರಿ?"

ಹೀಗೆ ನಾನು ಉದ್ಯೋಗ ಮಾರ್ಗದರ್ಶಕಿಯಾದೆ. ಕ್ರೀಡಾ ಸಾಮಾನು ಇಡುತ್ತಿದ್ದ ಕೋಣೆ ಕೊಟ್ಟರು. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಮೂಲೆಯಲ್ಲಿ ನಾಲ್ಕು ಭರ್ಜಿ. ಕಿಟಕಿ ತೆರೆದರೆ ಕೆಂಪು ಧೂಳು ಬಂದು ಗುಂಡಿಗಳ ಮೇಲೆ ಕೂರುತ್ತಿತ್ತು. ಮುಚ್ಚಿದರೆ ನಲವತ್ತು ಮಕ್ಕಳ ಬೆವರು.

ಮೊದಲ ತಪ್ಪನ್ನು ಮೊದಲ ವಾರವೇ ಮಾಡಿದೆ. ಸಂಪರ್ಕ ಅಷ್ಟು ನಿಧಾನವಿತ್ತೆಂದರೆ ಒಬ್ಬರಿಗೆ ಇಮೇಲ್ ವಿಳಾಸ ಮಾಡಿಕೊಡುವಷ್ಟರಲ್ಲಿ ಒಂದು ಪಿರಿಯಡ್ ಮುಗಿಯುತ್ತಿತ್ತು. ಹಾಗಾಗಿ ಇಡೀ ತರಗತಿಗೆ ಒಂದೇ ವಿಳಾಸ ಮಾಡಿ, ಪಾಸ್‌ವರ್ಡನ್ನು ಕಪ್ಪುಹಲಗೆಯ ಮೇಲೆ ಬರೆದೆ. ಒಬ್ಬ ಹುಡುಗನ ಬಯೋಡೇಟಾ ಚೆನ್ನಾಗಿತ್ತು. ಅದನ್ನೇ ಫ್ಲಾಪಿಗೆ ಹಾಕಿ, "ಹೆಸರು, ಅಂಕ ಬದಲಾಯಿಸಿಕೊಳ್ಳಿ" ಎಂದು ಎಲ್ಲರಿಗೂ ಹಂಚಿದೆ. ಎಲ್ಲರೂ ಹೆಸರು ಬದಲಾಯಿಸಿದರು, ಅಂಕ ಬದಲಾಯಿಸಿದರು, ಕಳಿಸಿದರು. ಎರಡು ವಾರದ ಮೇಲೆ ಬೆಂಗಳೂರಿನ ಯಾವುದೋ ಕಚೇರಿಯಿಂದ ಫೋನು.

"ಮೇಡಂ, ನಿಮ್ ಕಾಲೇಜಲ್ಲಿ ಬಸವರಾಜಪ್ಪ ಅನ್ನೋರಿಗೆ ಹದಿನೇಳು ಜನ ಮಕ್ಕಳಾ?"

ತಂದೆಯ ಹೆಸರನ್ನು ಯಾರೂ ಬದಲಾಯಿಸಿರಲಿಲ್ಲ. ಆಮೇಲೆ ನಾನು ಒಂದು ತಿಂಗಳು ಹಿಡಿದರೂ ಸರಿ ಎಂದು ಒಬ್ಬೊಬ್ಬರಿಗೂ ಬೇರೆ ವಿಳಾಸ ಮಾಡಿಸಿದೆ, ಬಯೋಡೇಟಾವನ್ನು ಮೊದಲು ಕೈಯಲ್ಲಿ ಬರೆಸಿದೆ. ಕೈಯಲ್ಲಿ ಬರೆದವರು ತಮ್ಮ ಅಪ್ಪನ ಹೆಸರು ಮರೆಯುವುದಿಲ್ಲ. ಕಿರಿಯರು ಇದನ್ನು ಇಂದಿಗೂ ಮಾಡಬಹುದು.

ಕೆಲಸ ಹುಡುಕುವ ಮೊದಲು ಕೆಲಸಗಳನ್ನು ತಿಳಿಯಬೇಕು ಎಂದು ಇನ್ನೊಂದು ಪಾಠ ಶುರು ಮಾಡಿದೆ. ನಿಮ್ಮ ಮನೆಯಲ್ಲಿ, ನಿಮ್ಮ ಓಣಿಯಲ್ಲಿ ಯಾರೂ ಮಾಡದ ಒಂದು ಕೆಲಸ ಹುಡುಕಿ, ಅದಕ್ಕೆ ಏನು ಓದಬೇಕು, ದಿನವಿಡೀ ಏನು ಮಾಡಬೇಕು ಎಂದು ಒಂದು ಪುಟ ಬರೆದು ತನ್ನಿ ಎಂದೆ. ಹುಡುಗರಿಗೆ ಅದು ಹಿಡಿಸಲಿಲ್ಲ. ಕೊಟ್ರೇಶ ಎಂಬವನು ಎರಡನೆಯ ವರ್ಷಕ್ಕೇ ಕಾಲೇಜು ಬಿಟ್ಟು ಅದಿರು ತುಂಬಿಸುವ ಕಡೆ ಮೇಲ್ವಿಚಾರಕನಾಗಿದ್ದ. ಹೊಸ ಬೈಕಿನಲ್ಲಿ ಕಾಲೇಜಿನ ಗೇಟಿಗೆ ಬಂದು ಕಪ್ಪು ಕನ್ನಡಕ ತೆಗೆಯದೆಯೇ ಕೇಳಿದ: "ಮೇಡಂ, ನನಗ ಯಾವ ವೆಬ್‌ಸೈಟಿನ್ಯಾಗ ಕೆಲಸ ಸಿಕ್ತು ಹೇಳ್ರಿ ನೋಡೂಣು? ಚಾದಂಗಡ್ಯಾಗ ಸಿಕ್ತು!"

ಹುಡುಗರೆಲ್ಲ ಹೋ ಎಂದರು. ಅವನು ಹೇಳಿದ್ದು ನಿಜ. ಗಂಡುಮಕ್ಕಳಿಗೆ ಊರ ತುಂಬ ಚಹಾದಂಗಡಿಗಳಿದ್ದವು. ಹೆಣ್ಣುಮಕ್ಕಳಿಗೆ ಇದ್ದದ್ದು ಆ ಭರ್ಜಿಯ ಕೋಣೆ ಒಂದೇ. ಹಾಗಾಗಿ ಬರಬರುತ್ತ ಅಲ್ಲಿ ಹುಡುಗಿಯರೇ ತುಂಬಿದರು.

ಅವರಲ್ಲಿ ಹುಲಿಗೆಮ್ಮ ಒಬ್ಬಳು. ಬುಕ್ಕಸಾಗರದವಳು, ಬಿ.ಕಾಂ. ಕೊನೆಯ ವರ್ಷ. ಅವಳ ಅಪ್ಪ ದುರುಗಪ್ಪ ಭತ್ತ ನಾಟಿ ಮಾಡುವ ಆಳುಗಳ ಗುಂಪು ಕಟ್ಟಿಕೊಂಡು ಗದ್ದೆಯಿಂದ ಗದ್ದೆಗೆ ಹೋಗುತ್ತಿದ್ದ. ಇವಳು ಮೊದಲ ಬಸ್ಸಿಗೆ ಬಂದು, ಕೋಣೆ ತೆಗೆಸಿ, ವೇಲಿನ ತುದಿಯಿಂದ ಗುಂಡಿಗಳ ಮೇಲಿನ ಧೂಳು ಒರೆಸಿ ಕೂರುತ್ತಿದ್ದಳು. ನೋಡದೆಯೇ ಟೈಪು ಮಾಡುತ್ತಿದ್ದಳು. ಬಾಯಿಯೂ ಅಷ್ಟೇ ಚುರುಕು.

"ಮೇಡಂ, ಈ ಕಂಪನಿ ಜನ ಫೋಟೋದಾಗ ಎಲ್ಲಾರೂ ಯಾಕ ನಗ್ತಾರ್ರಿ? ಕೆಲಸ ಮಾಡೂಮುಂದ ಯಾರರ ಹಿಂಗ ನಗ್ತಾರೇನು?"

"ನಿನಗ್ಯಾಕ ಬೇಕು ಅದು. ವಿದ್ಯಾರ್ಹತೆ ಏನು ಕೇಳ್ಯಾರ ನೋಡು."

ಆ ಪ್ರಶ್ನೆಯನ್ನು ನಾನು ಅಲ್ಲೇ ಹಿಡಿದುಕೊಳ್ಳಬೇಕಿತ್ತು. ಬಿಟ್ಟುಬಿಟ್ಟೆ.

ಈಗ ಸೀಲಿನ ವಿಷಯ. ಕೆಲಸದ ಜಾಹೀರಾತುಗಳನ್ನು ಇಂಟರ್ನೆಟ್ಟಿನಿಂದ ಮುದ್ರಿಸಿ ತೆಗೆದ ಹಾಳೆಗಳನ್ನು ಹೆಣ್ಣುಮಕ್ಕಳ ಅಪ್ಪಂದಿರು ನಂಬುತ್ತಿರಲಿಲ್ಲ. "ಇದನ್ನ ಯಾರ್ ಕೊಟ್ರು? ಸಹಿ ಎಲ್ಲೈತಿ?" ಎಂದು ಕೇಳುತ್ತಿದ್ದರು. ಅದೇ ಹೊತ್ತಿಗೆ ಹೊರಗಿನಿಂದ ತರಬೇತಿ ಕೊಡಲು ಬಂದ ಒಬ್ಬರು ನಮಗೆ ಒಂದು ಪಟ್ಟಿ ಹೇಳಿಕೊಟ್ಟಿದ್ದರು. ಕಂಪನಿಗೆ ಸ್ವಂತ ವೆಬ್‌ಸೈಟ್ ಇದೆಯೇ, ವಿಳಾಸ ಇದೆಯೇ, ಸ್ಥಿರ ದೂರವಾಣಿ ಇದೆಯೇ, ನಿರ್ದೇಶಕರ ಭಾವಚಿತ್ರ ಇದೆಯೇ, ಇದ್ದರೆ ಅದು ನಂಬಬಹುದಾದ ಕಂಪನಿ ಎಂದು. ಪ್ರಾಚಾರ್ಯರಿಗೆ ಅದು ಬಹಳ ಮೆಚ್ಚಿಗೆಯಾಯಿತು. "ಪರಿಶೀಲಿಸಲಾಗಿದೆ" ಎಂಬ ದುಂಡನೆಯ ರಬ್ಬರ್ ಸೀಲು ಮಾಡಿಸಿಕೊಟ್ಟರು. ನಾನು ವೆಬ್‌ಸೈಟು ನೋಡುವುದು, ಹಾಳೆ ತೆಗೆಯುವುದು, ಸೀಲೊತ್ತಿ ಸಹಿ ಮಾಡಿ ನೋಟಿಸ್ ಬೋರ್ಡಿಗೆ ಹಚ್ಚುವುದು. ಅಪ್ಪಂದಿರು ಸೀಲನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು. ಆಮೇಲೆ ಮಗಳನ್ನು ಕಳಿಸುತ್ತಿದ್ದರು. ಎರಡು ವರ್ಷ ಇದು ಚೆನ್ನಾಗಿಯೇ ನಡೆಯಿತು. ಚೆನ್ನಾಗಿ ನಡೆದದ್ದೇ ಕೇಡಾಯಿತು.

ಒಮ್ಮೆ ಲಾರಿಯೊಂದು ಟೆಲಿಫೋನ್ ಕಂಬಕ್ಕೆ ಗುದ್ದಿ ಕಾಲೇಜಿನ ಲೈನು ಹೋಯಿತು. ವಾರ ಕಳೆದರೂ ರಿಪೇರಿಯಿಲ್ಲ. ಹಂಪಿಯ ಬಜಾರಿನಲ್ಲಿ ಆಗ ಪ್ರವಾಸಕ್ಕೆ ಬರುವ ವಿದೇಶೀಯರಿಗಾಗಿ ಇಂಟರ್ನೆಟ್ ಅಂಗಡಿಗಳಿದ್ದವು, ನಮ್ಮ ಕಾಲೇಜಿನದಕ್ಕಿಂತ ವೇಗ. ಹುಲಿಗೆಮ್ಮ ಮತ್ತು ಕಂಪ್ಲಿಯ ಸುನಂದಾ ಎಂಬ ಇನ್ನೊಬ್ಬ ವಿದ್ಯಾರ್ಥಿನಿಯನ್ನು ಕರೆದುಕೊಂಡು ಅಲ್ಲಿಗೆ ಹೋದೆ. ಅಂಗಡಿಯವನಿಗೆ ನಮ್ಮನ್ನು ನೋಡಿ ಖುಷಿಯೇನೂ ಆಗಲಿಲ್ಲ.

"ಜಲ್ದಿ ಮುಗಿಸ್ರಿ ಮೇಡಂ. ಫಾರಿನ್ನರು ಕಾಯಾಕತ್ಯಾರ."

"ಅವರು ನೋಡಾಕ ಬಂದಿದ್ದು ಗುಡಿ ಅಲ್ಲೇನಣ್ಣ? ನೋಡಿಕೊಂಡು ಬರ್ಲಿ ಬಿಡು" ಎಂದಳು ಹುಲಿಗೆಮ್ಮ.

ಅಲ್ಲಿ ಸಿಕ್ಕಿತು ಆ ಕೆಲಸ. ಸಂಡೂರಿನ ಗಣಿ ಕಂಪನಿಯೊಂದರ ಸೈಟ್ ಆಫೀಸಿಗೆ ಇಬ್ಬರು ಕಚೇರಿ ಸಹಾಯಕಿಯರು ಬೇಕು, ಕಂಪ್ಯೂಟರ್ ಬರಬೇಕು. ವೆಬ್‌ಸೈಟು ತೆಗೆದೆ. ಗಾಜಿನ ಕಟ್ಟಡ, ಮುಂದೆ ಹಸಿರು ಹುಲ್ಲು, ನಗುವ ನಿರ್ದೇಶಕರು, ದೂರದ ನಗರದ ಫೋನ್ ನಂಬರು. ಪಟ್ಟಿಯಲ್ಲಿದ್ದದ್ದೆಲ್ಲ ಇತ್ತು. ಹಿಂದೆ ಕಾಯುತ್ತಿದ್ದವರು ಕೆಮ್ಮುತ್ತಿದ್ದರು. ಹತ್ತು ನಿಮಿಷ ನೋಡಿರಬಹುದು. ಇಬ್ಬರೂ ಅಲ್ಲೇ ಅರ್ಜಿ ಕಳಿಸಿದರು. ಸಂದರ್ಶನದ ಕರೆ ನಾಲ್ಕೇ ದಿನಕ್ಕೆ ಬಂತು: ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ, ಸೈಟ್ ಆಫೀಸು. ಆ ಹಾಳೆಯ ಎರಡು ಪ್ರತಿಗೆ ಸೀಲೊತ್ತಿ, ಒಂದನ್ನು ಬೋರ್ಡಿಗೆ ಹಚ್ಚಿ ಇನ್ನೊಂದನ್ನು ಜೊತೆಗೆ ಒಯ್ಯಲು ಇಟ್ಟುಕೊಂಡೆ.

ಬುಧವಾರ ದುರುಗಪ್ಪ ಕಾಲೇಜಿಗೆ ಬಂದ. ಗದ್ದೆಯಿಂದ ನೇರ ಬಂದಿದ್ದ, ಕಾಲಲ್ಲಿ ಕೆಸರು ಒಣಗಿತ್ತು. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಮೇಡಮ್ಮಾರ, ಗುಡ್ಡದ ಮ್ಯಾಲಿನ ಕೆಲಸ ಅಂತಲ್ರಿ. ನೀವು ಹೋಗಿ ನೋಡಿ ಬಂದೀರೇನ್ರಿ?"

ಪ್ರಾಚಾರ್ಯರು ಪಕ್ಕದಲ್ಲೇ ಇದ್ದರು. ನಾನು, "ಹ್ಞೂಂ ದುರುಗಪ್ಪ, ಹೋಗಿ ನೋಡಿಯೇ ಸೀಲ್ ಹಾಕೋದು" ಎಂದೆ.

ಯಾಕೆ ಹಾಗೆಂದೆ? ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಇಲ್ಲ ಎಂದರೆ ಅವನು ಅವಳನ್ನು ಕಳಿಸುವುದಿಲ್ಲ ಎಂದು ಗೊತ್ತಿತ್ತು. ಅವಳು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ಈ ಸಮಾಧಾನವನ್ನು ನನಗೆ ನಾನೇ ಸಾವಿರ ಸಲ ಹೇಳಿಕೊಂಡಿದ್ದೇನೆ, ಅದರಿಂದ ಏನೂ ಆಗಿಲ್ಲ. ಅವನು ಕೈ ಮುಗಿದು ಹೋದ. ಆ ರಾತ್ರಿಯೆಲ್ಲ ಚಡಪಡಿಸಿ, ಬೆಳಿಗ್ಗೆ ನಾನೂ ಅವರ ಜೊತೆ ಹೊರಟೆ.

ಹೊಸಪೇಟೆಯಿಂದ ಸಂಡೂರಿಗೆ ಬಸ್ಸು ಅಂದು ಎಷ್ಟು ಹೊತ್ತು ತೆಗೆದುಕೊಂಡಿತೋ! ಲಾರಿಗಳ ನಡುವೆ ಸಿಕ್ಕಿ ನಿಂತಲ್ಲೇ ನಿಂತಿತು. ಹನ್ನೆರಡು ಅಲ್ಲೇ ಹೊಡೆಯಿತು. ಸಂಡೂರಿನಲ್ಲಿ ಇಳಿದು ಕೇಳಿದರೆ ಆ ಆಫೀಸು ಊರಲ್ಲಿಲ್ಲ, ಗುಡ್ಡದ ಮೇಲೆ ಎಂದರು. ಆಟೋದವನು ಅರ್ಧ ದಾರಿಗೆ ಬಿಟ್ಟು, "ಮುಂದಕ ನಮ್ಮನ್ನ ಬಿಡಂಗಿಲ್ರಿ" ಎಂದು ಹೊರಳಿದ. ಅಲ್ಲಿಂದ ನಡಿಗೆ. ಸುನಂದಾಳ ಚಪ್ಪಲಿಯ ಪಟ್ಟಿ ಕಿತ್ತು ಪಿನ್ನು ಹಾಕಿಕೊಂಡಳು. ಹುಲಿಗೆಮ್ಮ ತನ್ನ ಮೂಲ ಅಂಕಪಟ್ಟಿಗಳನ್ನು ಎದೆಗವಚಿಕೊಂಡು ಮುಂದೆ ನಡೆಯುತ್ತಿದ್ದಳು. ನಾನು ಗಡಿಯಾರ ನೋಡುತ್ತ ನೋಡುತ್ತ ಅವಸರ ಮಾಡುತ್ತಿದ್ದೆ.

ಒಂದು ತಿರುವಿನಲ್ಲಿ ದಾರಿಗೆ ಅಡ್ಡ ಸರಪಳಿ ಕಟ್ಟಿತ್ತು. ಪಕ್ಕದಲ್ಲಿ ಒಬ್ಬ ವಯಸ್ಸಾದ ಕಾವಲುಗಾರ, ಕೊರಳಲ್ಲಿ ಸೀಟಿ, ಕೈಯಲ್ಲಿ ಕೆಂಪು ಬಾವುಟ.

"ನಿಂದ್ರಿ ನಿಂದ್ರಿ! ಈಗ ಒಳಗ ಬಿಡಂಗಿಲ್ಲ. ಕುಂದ್ರಿ ಇಲ್ಲೇ ನೆರಳಿನ್ಯಾಗ, ಒಂದು ತಾಸು."

"ನಮಗ ಹನ್ನೆರಡಕ್ಕೇ ಬರಾಕ ಹೇಳ್ಯಾರ. ಈಗಾಗಲೇ ತಡ ಆಗೇತಿ" ಎಂದು ನಾನು ಹಾಳೆ ಮುಂದೆ ಹಿಡಿದೆ.

ಅವನು ಅದನ್ನು ಓದಲಿಲ್ಲ. ಇಂಗ್ಲಿಷಿನಲ್ಲಿತ್ತು. ಹಾಳೆಯ ಕೆಳಗೆ ನೋಡಿದ. ದುಂಡನೆಯ ಸೀಲು, ಅದರ ಮೇಲೆ ಹಸಿರು ಶಾಯಿಯ ನನ್ನ ಸಹಿ. ಆ ಗುಡ್ಡದಲ್ಲಿ ದಿನವಿಡೀ ಓಡಾಡುವುದು ಸೀಲಿದ್ದ ಕಾಗದಗಳು ಮಾತ್ರ. ಸೀಲಿದ್ದರೆ ಲಾರಿ ಹೋಗಬೇಕು, ಇಲ್ಲದಿದ್ದರೆ ನಿಲ್ಲಬೇಕು. ಅವನು ತಟ್ಟನೆ ಎದ್ದು ನನಗೆ ಸಲಾಮು ಹೊಡೆದ.

"ಗಣಿ ಇಲಾಖಿಯೋರಾ? ಮೊದಲ ಹೇಳಬಾರದೇನ್ರಿ. ಜಲ್ದಿ ದಾಟ್ರಿ ಮತ್ತ, ನಿಲ್ಲಬ್ಯಾಡ್ರಿ ಎಲ್ಲೂ."

ಸರಪಳಿ ಬಿಚ್ಚಿದ. ನಾನು ಇಲಾಖೆಯವಳಲ್ಲ, ಅದು ಕಾಲೇಜಿನ ಸೀಲು ಎಂದು ಹೇಳಬಹುದಿತ್ತು. ಹೇಳಲಿಲ್ಲ. ದಾಟಿಬಿಟ್ಟೆ, ಮಕ್ಕಳನ್ನೂ ದಾಟಿಸಿದೆ.

ಆಮೇಲಿನದು ನನಗೆ ಹೆಜ್ಜೆ ಹೆಜ್ಜೆಯಾಗಿ ನೆನಪಿದೆ. ನೆನಪಿದೆ ಎನ್ನುವುದಕ್ಕಿಂತ ಅದು ಇನ್ನೂ ನಡೆಯುತ್ತಲೇ ಇದೆ ಎನ್ನಬೇಕು. ಬಲಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಗುಡ್ಡ, ಎಡಕ್ಕೆ ಕಂದಕ. ಒಂದು ಕೆಟ್ಟ ಟಿಪ್ಪರು ಬದಿಗೆ ನಿಂತಿತ್ತು. ಎಲ್ಲೋ ಸೈರನ್ ಕೂಗಿತು.

"ಪಾಳಿ ಬಿಟ್ಟಿರಬೇಕು" ಎಂದಳು ಸುನಂದಾ.

ಹುಲಿಗೆಮ್ಮ ನಿಂತಳು. "ಮೇಡಂ, ಲಾರಿ ಎಲ್ಲಾ ಎಲ್ಲಿ ಹೋದುವ್ರಿ? ಬೆಳಗಿಂದ ಬರೇ ಲಾರಿ ನೋಡಾಕತ್ತೀವಿ. ಇಲ್ಲಿ ಒಂದೂ ಇಲ್ಲ. ಮನುಷ್ಯರೂ ಇಲ್ಲ."

"ಊಟದ ಹೊತ್ತಲ್ಲೇನು? ನಡಿ."

"ಇಲ್ಲಿ ಆಫೀಸೂ ಇಲ್ರಿ. ತಿರುಗಿ ಹೋಗೂಣ್ರಿ ಮೇಡಂ."

"ಇನ್ನೊಂದು ತಿರುವು ನೋಡೋಣ" ಎಂದೆ.

ಸೈರನ್ ಮತ್ತೆ ಕೂಗಿತು. ಮೊದಲು ಅಂಗಾಲಿಗೆ ಬಡಿಯಿತು. ಯಾರೋ ಕೆಳಗಿನಿಂದ ಒದ್ದಂತೆ. ಆಮೇಲೆ ಸದ್ದು. ಬಲಗಡೆಯ ಗುಡ್ಡದ ಒಂದು ಮೆಟ್ಟಿಲು ಉಸಿರು ತೆಗೆದುಕೊಂಡಂತೆ ಉಬ್ಬಿ ಮೇಲೆದ್ದಿತು. ನಾನು ನಿಂತು ನೋಡುತ್ತಿದ್ದೆ. ಕಾಲೇಜು ಕಲಿತವಳು, ಇಪ್ಪತ್ತು ವರ್ಷ ಪಾಠ ಹೇಳಿದವಳು, ಓಡಬೇಕೆಂದು ಹೊಳೆಯಲಿಲ್ಲ. ಹುಲಿಗೆಮ್ಮ ಅಂಕಪಟ್ಟಿಗಳನ್ನು ಬಿಸಾಕಿ ಒಂದು ಕೈಯಲ್ಲಿ ನನ್ನ ಸೆರಗು, ಇನ್ನೊಂದರಲ್ಲಿ ಸುನಂದಾಳ ಜಡೆ ಹಿಡಿದು ಎಳೆದಳು. "ಬಗ್ರಿ! ಕೆಳಗ! ಕೆಳಗ ಹೋಗ್ರಿ!" ನಾವಿಬ್ಬರೂ ಟಿಪ್ಪರಿನ ಕೆಳಗೆ ಬಿದ್ದೆವು. ಕಲ್ಲುಗಳು ಬರತೊಡಗಿದವು. ತಗಡಿನ ಮೇಲೆ, ಚಕ್ರದ ಮೇಲೆ, ನೆಲದ ಮೇಲೆ. ಅವಳು ಕೊನೆಯವಳಾಗಿ ತೂರಿಕೊಳ್ಳುತ್ತಿದ್ದಳು. ಎಡಗೈ ಇನ್ನೂ ಹೊರಗಿತ್ತು.

ಧೂಳು ಇಳಿದ ಮೇಲೆ ಜನ ಓಡಿಬಂದರು. ಅವಳ ಮೊಣಕೈ ಕೆಳಗೆ ಮೂಳೆ ಮುರಿದಿತ್ತು. ಅಳುತ್ತಿರಲಿಲ್ಲ. ನೆಲದ ಮೇಲೆ ಏನನ್ನೋ ಹುಡುಕುತ್ತಿದ್ದಳು. ಸುನಂದಾ ಅಂಕಪಟ್ಟಿಗಳನ್ನು ಆರಿಸಿ ತಂದು ಕೊಟ್ಟಳು.

ಗುಡ್ಡಕ್ಕೆ ಮದ್ದಿಟ್ಟು ಸಿಡಿಸುವ ಬ್ಲಾಸ್ಟಿಂಗ್ ನೋಡಿಕೊಳ್ಳುತ್ತಿದ್ದ ಫೋರ್‌ಮನ್ ಕೂಗಿದ. "ಯಾರ್ರಿ ನಿಮ್ಮನ್ನ ಒಳಗ ಬಿಟ್ಟವರು? ಮೂರು ಹೆಣ ಹೊರಬೇಕಾಗಿತ್ತಲ್ರಿ ನಾವು!" ಕಾವಲುಗಾರನನ್ನು ಕರೆಸಿದ. ಅವನು "ಸೀಲ್ ಇತ್ರಿ ಸಾಹೇಬ್ರ" ಎಂದಷ್ಟೇ ಹೇಳಿದ. ಫೋರ್‌ಮನ್ ಹಾಳೆ ಕಿತ್ತುಕೊಂಡು ಓದಿದ. "ಇದು ಕಾಲೇಜಿನ ಸೀಲಲೇ! ಈ ಆಫೀಸು ಇಲ್ಲೆಲ್ಲೈತಿ? ಕಬ್ಬಿಣದ ಡಬ್ಬಿ ಆಫೀಸು ಅದು, ಹೋದ ತಿಂಗಳೇ ಕ್ರೇನ್ ತಂದು ಎತ್ತಿಕೊಂಡು ಬ್ಯಾರೆ ಗುಡ್ಡಕ್ಕ ಹೋದ್ರು."

ಮೋಸವೂ ಇರಲಿಲ್ಲ ನೋಡಿ. ಆಫೀಸು ಇತ್ತು, ಈಗ ಅಲ್ಲಿರಲಿಲ್ಲ, ಅಷ್ಟೇ. ದೂರದ ನಗರದಲ್ಲಿ ಕೂತವರಿಗೆ ಅದು ಗೊತ್ತಿರಲಿಲ್ಲ. ಹಂಪಿಯ ಅಂಗಡಿಯಲ್ಲಿ ಕೂತ ನನಗೂ ಗೊತ್ತಿರಲಿಲ್ಲ.

"ಈ ಅಜ್ಜನ ತಪ್ಪಲ್ಲ, ನನ್ನದು" ಎಂದು ನಾನು ಹೇಳಿದೆ. ಆದರೆ ಆ ಮಾತು ಬಾಯಿಂದ ಬರುವಷ್ಟರಲ್ಲಿ ಆ ಮುದುಕ ಕೊರಳಿನ ಸೀಟಿ ತೆಗೆದು ಫೋರ್‌ಮನ್ನನ ಕೈಗೆ ಕೊಟ್ಟಾಗಿತ್ತು. ಅವನ ಹೆಸರನ್ನೂ ನಾನು ಕೇಳಲಿಲ್ಲ. ಆಮೇಲೆ ಎರಡು ಸಲ ಸಂಡೂರಿಗೆ ಹೋಗಿ ವಿಚಾರಿಸಿದೆ, ಸಿಗಲಿಲ್ಲ.

ಫೋರ್‌ಮನ್ನನ ಜೀಪಿನಲ್ಲಿ ಆಸ್ಪತ್ರೆಗೆ ಹೋದೆವು; ನಾನು ಹೊರಗೇ ಕೂತೆ, ಸುನಂದಾಳೇ ಹುಲಿಗೆಮ್ಮನನ್ನು ಒಳಗೆ, ಆಮೇಲೆ ಮನೆಗೆ ಕರೆದೊಯ್ದಳು. ಮಾರನೆಯ ದಿನ ಪ್ರಾಚಾರ್ಯರು ಬಾಗಿಲು ಹಾಕಿಕೊಂಡು ಮಾತಾಡಿದರು. ಕೆಟ್ಟ ಮನುಷ್ಯರಲ್ಲ ಅವರು, ಹೆದರಿದ್ದರು. "ಬೋರ್ಡಿನ ಮ್ಯಾಲಿಂದ ಆ ಹಾಳಿ ತೆಗಿಸೀನಿ. ಹುಡಿಗ್ಯಾರು ತಾವಾಗೇ ಹೋಗಿದ್ರು, ನಿಮಗ ಆಮ್ಯಾಲೆ ಗೊತ್ತಾಗಿ ಹುಡುಕ್ಕೋಂತ ಹೋದ್ರಿ. ಹಿಂಗ ಬರದು ಕೊಡ್ರಿ."

ಬರೆಯಲಿಲ್ಲ. ಅದರಲ್ಲಿ ಧೈರ್ಯವೇನಿಲ್ಲ. ಅಂದು ನನಗೆ ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. ಎದ್ದು ಬುಕ್ಕಸಾಗರದ ಬಸ್ಸು ಹತ್ತಿದೆ.

ಹುಲಿಗೆಮ್ಮ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಅಂಗಳದಲ್ಲಿ ಕೂತಿದ್ದಳು. ನನ್ನನ್ನು ಕಂಡವಳೇ ಗಾಬರಿಯಾಗಿ ಎದ್ದು ಹತ್ತಿರ ಬಂದಳು. ದನಿ ತಗ್ಗಿಸಿ, "ಮೇಡಂ, ಮನ್ಯಾಗ ಬಸ್ಸಿನಿಂದ ಬಿದ್ದೆ ಅಂತ ಹೇಳೀನಿ. ಆಸ್ಪತ್ರ್ಯಾಗೂ ಹಂಗ ಹೇಳೀವಿ. ಸುನಂದಾಗೂ ಹೇಳಿಕೊಟ್ಟೀನಿ. ನೀವು ಬಾಯಿ ಬಿಡಬ್ಯಾಡ್ರಿ. ಅಪ್ಪಗ ಗೊತ್ತಾತಂದ್ರ ಮುಗೀತು, ಇನ್ನ ಹೊಸಲು ದಾಟಸಂಗಿಲ್ಲ" ಎಂದಳು.

ಅಷ್ಟರಲ್ಲಿ ದುರುಗಪ್ಪ ಬಂದ. "ಬರ್ರಿ ಮೇಡಮ್ಮಾರ, ಕುಂದ್ರಿ. ನಿಮ್ಮ ಜೋಡಿ ಇದ್ದದ್ದಕ್ಕ ಬಸ್ಸಿನಿಂದ ಬಿದ್ರೂ ಜೀವಂತ ಬಂದ್ಲು" ಎಂದು ಕೈ ಮುಗಿದ.

ಎರಡನೆಯ ಸಲ ಅವನು ನನಗೆ ಕೈ ಮುಗಿದದ್ದು. ಹುಲಿಗೆಮ್ಮ ಅವನ ಹಿಂದೆ ನಿಂತು ತಲೆ ಅಲ್ಲಾಡಿಸುತ್ತಿದ್ದಳು, ಬೇಡ, ಬೇಡ. ಆ ಮುಗಿದ ಕೈಯನ್ನು ನನಗೆ ನೋಡಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ನೋಡದೆ ಸೀಲೊತ್ತಿದ್ದು, ನೋಡಿದ್ದೇನೆಂದು ಅವನಿಗೆ ಸುಳ್ಳಾಡಿದ್ದು, ಕಾವಲುಗಾರನನ್ನು ದಾಟಿ ಹೋದದ್ದು, ಮಗಳು ತಿರುಗಿ ಹೋಗೋಣ ಎಂದಾಗ ನಾನು ಕೇಳದೆ ಹೋದದ್ದು, ಅವಳು ನಮ್ಮಿಬ್ಬರನ್ನು ಎಳೆದು ಉಳಿಸಿದ್ದು.

ದುರುಗಪ್ಪ ಮುಗಿದ ಕೈ ಇಳಿಸಿದ. ಆಮೇಲೆ, "ಚಾ ಕುಡದು ಹೋಗ್ರಿ" ಎಂದ. ಮಗಳ ಕಡೆ ತಿರುಗಿ, "ಹುಲಿಗಿ, ಇನ್ನ ಸಾಕವ್ವ. ಪರೀಕ್ಷಾ ಬರದು ಮನ್ಯಾಗಿರು" ಎಂದು ಹೊರಗೆ ಹೋದ.

ಅವಳು ನನ್ನನ್ನು ಬಸ್ಸಿನ ತನಕ ಬಿಡಲು ಬಂದಳು. ದಾರಿಯಲ್ಲಿ ಒಂದೇ ಮಾತು ಆಡಿದಳು. "ನಿಮ್ಮ ಎದಿ ಹಗುರ ಮಾಡಿಕೊಂಡ್ರಿ ಮೇಡಂ. ನನ್ನ ಬಾಗಲ ಹಾಕಿ ಹೊಂಟ್ರಿ."

ನಿಜ ಹೇಳುವುದು ಯಾವಾಗಲೂ ಒಳ್ಳೆಯದು ಎಂದು ಪಾಠ ಮಾಡಿದವಳು ನಾನು. ಆ ಬಸ್ಸಿನಲ್ಲಿ ಕೂತಾಗ ಅದು ಯಾರಿಗೆ ಒಳ್ಳೆಯದು ಎಂದು ತಿಳಿಯಲಿಲ್ಲ. ಈಗಲೂ ಪೂರ್ತಿ ತಿಳಿದಿಲ್ಲ.

ಕೆಲಸದ ರೀತಿ ಬದಲಾಯಿಸಿದೆ. ಸೀಲನ್ನು ಪ್ರಾಚಾರ್ಯರ ಮೇಜಿನ ಮೇಲಿಟ್ಟು ಬಂದೆ, ಮತ್ತೆ ಮುಟ್ಟಲಿಲ್ಲ. ಹಾಳೆ ಬೋರ್ಡಿಗೆ ಹೋಗುವ ಮೊದಲು ಯಾರಾದರೂ ಒಬ್ಬರು ಆ ಜಾಗಕ್ಕೆ ಹೋಗಿ ಬರಬೇಕು, ದೂರದ ಊರಾದರೆ ಅಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಬರೆದು ಕೇಳಬೇಕು ಎಂದು ಮಾಡಿದೆ. ಬೋರ್ಡಿನ ಮೇಲೆ ಹಾಳೆಗಳು ಕಡಿಮೆಯಾದವು. "ಹಿಂಗಾದ್ರ ವರ್ಷಕ್ಕ ನಾಕು ಮಂದಿಗೂ ಕೆಲಸ ಸಿಗಂಗಿಲ್ಲ" ಎಂದರು ಪ್ರಾಚಾರ್ಯರು. ಸಿಗದಿದ್ದರೆ ಸಿಗದಿರಲಿ ಎಂದೆ. ಆದರೆ ಹುಲಿಗೆಮ್ಮ ಮನೆಯಲ್ಲಿದ್ದಳು. ಪರೀಕ್ಷೆಗೆ ಅಪ್ಪನ ಜೊತೆ ಬಂದು ಅಪ್ಪನ ಜೊತೆ ಹೋದಳು. ನನ್ನನ್ನು ಕಂಡರೆ ನಮಸ್ಕಾರ, ಅಷ್ಟೇ.

ಮಳೆಗಾಲ ಕಳೆಯುವ ಹೊತ್ತಿಗೆ ತುಂಗಭದ್ರಾ ಅಣೆಕಟ್ಟಿನ ಬಳಿಯ ಟಿ.ಬಿ. ಡ್ಯಾಂ ಬಡಾವಣೆಯಲ್ಲಿ ಹಳೆಯ ಕಾಲುವೆ ನಕ್ಷೆಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಹಿಡಿದ ಸಣ್ಣ ಸಂಸ್ಥೆಯೊಂದು ಜನ ಬೇಕೆಂದು ಜಾಹೀರಾತು ಹಾಕಿತ್ತು. ಈ ಸಲ ನಾನೇ ಹೋಗಿ ನೋಡಿದೆ. ಮೂರು ದಿನ ಬೇರೆ ಬೇರೆ ಹೊತ್ತಿನಲ್ಲಿ ಹೋಗಿ ನೋಡಿದೆ. ಆಮೇಲೆ ಬುಕ್ಕಸಾಗರಕ್ಕೆ ಹೋಗಿ ದುರುಗಪ್ಪನ ಮುಂದೆ ನಿಂತೆ.

"ನನ್ನ ಮಾತು ನಂಬಬ್ಯಾಡ್ರಿ. ನೀವೇ ಬಂದು ನೋಡ್ರಿ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಒಂದು ಗಳಿಗಿ ನೋಡಿದ್ರ ಏನ್ ತಿಳಿತೈತ್ರಿ?" ಎಂದ. ನಾಟಿ ಮುಗಿದಿತ್ತು, ಕೈ ಖಾಲಿಯಿತ್ತು. ಮಾರನೆಯ ದಿನ ಮೊದಲ ಬಸ್ಸಿಗೆ ಹೋಗಿ ಆ ಆಫೀಸಿನ ಎದುರಿನ ಕಟ್ಟೆಯ ಮೇಲೆ ಬುತ್ತಿ ಗಂಟು ಇಟ್ಟುಕೊಂಡು ಕೂತನಂತೆ. ಬಾಗಿಲು ತೆಗೆಯುವುದರಿಂದ ಹಾಕುವ ತನಕ ಕೂತನಂತೆ. ಅಲ್ಲಿನವರು ಬಂದು ಏನು ಬೇಕಪ್ಪ ಎಂದು ಕೇಳಿದರೆ, "ಏನಿಲ್ರಿ, ನೀವು ನಿಮ್ಮ ಕೆಲಸ ಮಾಡ್ರಿ" ಎಂದನಂತೆ.

ಸಂಜೆ ನಾನು ಅವರ ಮನೆಯ ಅಂಗಳದಲ್ಲಿ ಕಾಯುತ್ತಿದ್ದೆ. ಹುಲಿಗೆಮ್ಮ ನನ್ನ ಮುಂದೆ ಚಹಾ ಇಟ್ಟು, ದೂರ ಕೂತು ಸೊಪ್ಪು ಸೋಸುತ್ತಿದ್ದಳು. ಪ್ಲಾಸ್ಟರ್ ಬಿಚ್ಚಿ ಆಗಿತ್ತು, ಕಿರುಬೆರಳು ಮಾತ್ರ ಮಡಚುತ್ತಿರಲಿಲ್ಲ. ದುರುಗಪ್ಪ ಬಂದು ಕಾಲು ತೊಳೆದು ಕೂತ. ಅವನೇ ಶುರು ಮಾಡಿದ.

"ಗ್ವಾಡಿ ಗಟ್ಟಿ ಅದಾವು. ಎರಡು ಬಾಗಲ. ಮೂರು ಮಂದಿ ಹೆಣ್ಮಕ್ಕಳು ಕೆಲಸ ಮಾಡ್ತಾರ, ಒಬ್ಬಾಕಿ ಬಸುರಿ. ಆಕಿಗೆ ಕುರ್ಚಿ ಕೊಟ್ಟಾರ, ಕಿಟಕಿ ಹಂತೇಲಿ. ಹೆಣ್ಮಕ್ಕಳಿಗೆ ಬ್ಯಾರೆ ಪಾಯಖಾನಿ ಐತಿ, ಒಳಗ ನೀರೂ ಐತಿ, ನಾ ಕೇಳಿದೆ. ಆ ಸಾಹೇಬ ಒಂದ್ಸಲನೂ ದನಿ ಏರಿಸಲಿಲ್ಲ. ಐದೂವರಿಗೆ ಬಾಗಲ ಹಾಕಿದ್ರು. ಹೆಣ್ಮಕ್ಕಳು ಬಸ್ ಹತ್ತೂತನಕ ಒಬ್ಬ ಮುದುಕ ನಿಂತಿದ್ದ."

ಬುತ್ತಿ ಗಂಟು ಬಿಚ್ಚುತ್ತ, "ಸೋಮವಾರದಿಂದ ಹೋಗ್ಲಿ" ಎಂದ.

ಹುಲಿಗೆಮ್ಮ ಸೊಪ್ಪು ಕೆಳಗಿಟ್ಟಳು. ಮುಖದಲ್ಲಿ ಏನೂ ತೋರಿಸಲಿಲ್ಲ. "ಅಲ್ಲಪ್ಪಾ, ಕಂಪ್ಯೂಟರ್ ಹೆಂಗದಾವು? ಹೊಸವೋ ಹಳೇವೋ?"

ದುರುಗಪ್ಪ ತಲೆ ಕೆರೆದುಕೊಂಡ. "ಅದನ್ನ ನೋಡಲಿಲ್ಲವ್ವ."

"ಮುಂಜಾನಿಂದ ಸಂಜೀತನಕ ಕುಂತು ಕಂಪ್ಯೂಟರ್ ನೋಡಲಿಲ್ಲಾ?"

"ಮಂದಿ ನೋಡೂದ್ರಾಗ ಹೊತ್ತು ಹೋತು."

ಅವಳು ಆರು ತಿಂಗಳಲ್ಲಿ ಮೊದಲ ಸಲ ನನ್ನ ಮುಖ ನೋಡಿದಳು. "ಹೋಗ್ಲಿ ಬಿಡಪ್ಪ. ಅದೊಂದು ಮೇಡಂ ನೋಡಿರ್ತಾರ."